ಟೂರೆಯ ಮೂರು ಡಿಗ್ರಿ

ಮೇ ತಿಂಗಳ ಕೊನೆಯ ಶನಿವಾರ ಹಿಲ್ಲೆವಿ ಊರಾಚೆಯ ಹಾಲಿನ ಕಟ್ಟೆಯ ಹತ್ತಿರ ಗಂಡನ ಕಾರಿನಿಂದ ಇಳಿದು, ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು, ನಾಲ್ಕು ಕಿಲೋಮೀಟರು ನಡೆದೇ ಮನೆಗೆ ಬಂದಳು. ನಮ್ಮೂರಲ್ಲಿ ಯಾರೂ ಪರದೆ ಸರಿಸಿ ಬೀದಿ ನೋಡುವುದಿಲ್ಲ, ಅದು ಮರ್ಯಾದೆಯಲ್ಲ. ಕಿಟಕಿಯ ಹೂಕುಂಡಕ್ಕೆ ನೀರು ಹಾಕುತ್ತಾರೆ. ಅವತ್ತು ರಸ್ತೆಬದಿಯ ಅಷ್ಟೂ ಮನೆಗಳ ಜೆರೇನಿಯಂ ಗಿಡಗಳಿಗೆ ಒಂದು ವಾರಕ್ಕಾಗುವಷ್ಟು ನೀರು ಬಿತ್ತು. ಅವಳ ಹಿಂದೆ ಇಪ್ಪತ್ತು ಮಾರು ದೂರದಲ್ಲಿ, ಅವಳ ನಡಿಗೆಯ ವೇಗದಲ್ಲೇ, ಹನ್ನೊಂದು ವರ್ಷ ಕಟ್ಟಿದ ಕಾರು ಗುಡುಗುಡು ಅನ್ನುತ್ತ ಬರುತ್ತಿತ್ತು. ಒಳಗೆ ಟೂರೆ, ದಾರಿ ತಪ್ಪಿ ಬೇರೆಯವರ ಮೆರವಣಿಗೆಗೆ ಸೇರಿಕೊಂಡವನ ಮುಖ ಮಾಡಿಕೊಂಡು ಕೂತಿದ್ದ.

ನಾನು ಅವರ ಪಕ್ಕದ ಮನೆಯವನು. ಬೇಲಿಯ ಮೇಲಿಂದ ಮಾತಾಡಿಸುವ ನನ್ನ ಹಕ್ಕಿಗೆ ಇಪ್ಪತ್ತೆರಡು ವರ್ಷ ತುಂಬಿದೆ. ಹೇಗಿತ್ತು ಎಂದು ಕೇಳಿದೆ.

"ಕಾರು ಚೆನ್ನಾಗಿದೆ," ಅಂದಳು ಹಿಲ್ಲೆವಿ. "ಅದರಲ್ಲಿ ಕೂರೋಕೆ ಆಗಲ್ಲ, ಅಷ್ಟೆ."

ಟೂರೆಯ ವಿಷಯ ಹೇಳಬೇಕು. ಮೂವತ್ತೆಂಟು ವರ್ಷ ಹೊಳೆದಂಡೆಯ ಮರಕೊಯ್ಯುವ ಕಾರ್ಖಾನೆಯಲ್ಲಿ ಗರಗಸದ ಹಲ್ಲು ಮಸೆಯುತ್ತಿದ್ದವನು. ಹಲ್ಲಿನ ಓರೆ ಒಂದು ಡಿಗ್ರಿ ಆಚೀಚೆಯಾದರೆ ಹಲಗೆ ಅಲೆಅಲೆಯಾಗಿ ಬರುತ್ತದೆ. ಹಾಗಾಗಿ ಕೋನ ಎನ್ನುವುದು ಅವನಿಗೆ ಕಸುಬಲ್ಲ, ಧರ್ಮ. ಉಳಿದವರು ಪ್ಯಾನ್‌ಕೇಕನ್ನು ಸುಮ್ಮನೆ ಕತ್ತರಿಸಿ ತಿಂದರೆ ಇವನು ಸಮಭಾಗ ಮಾಡಿ ತಿನ್ನುತ್ತಿದ್ದ. ನಿವೃತ್ತಿಯ ದಿನ ಗೆಳೆಯರು ಸೇರಿ ಕೊಟ್ಟದ್ದು ಕೋನ ಅಳೆಯುವ ಒಂದು ಸಣ್ಣ ಪೆಟ್ಟಿಗೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ತಳದಲ್ಲಿ ಅಯಸ್ಕಾಂತ, ಮುಖದಲ್ಲಿ ಅಂಕಿ. ಕಬ್ಬಿಣಕ್ಕೆ ಅಂಟಿಸಿದರೆ ಭೂಮಿಗೆ ಎಷ್ಟು ಓರೆಯಾಗಿದೆ ಎಂದು ಡಿಗ್ರಿಯ ಹತ್ತನೇ ಒಂದು ಪಾಲಿನವರೆಗೆ ಹೇಳುತ್ತದೆ. ಆ ಪೆಟ್ಟಿಗೆ ಕೈಗೆ ಬಂದ ಮೇಲೆ ನಮ್ಮೂರಲ್ಲಿ ನೆಟ್ಟಗಿದ್ದದ್ದು ಯಾವುದೂ ಉಳಿಯಲಿಲ್ಲ. ನನ್ನ ಊಟದ ಮೇಜು ಓರೆ. ಚರ್ಚಿನ ಮೆಟ್ಟಿಲು ಓರೆ, ಅದನ್ನು ಪಾದ್ರಿಯಮ್ಮನಿಗೇ ತಿಳಿಸಿ ಬಂದ. ಹಿಲ್ಲೆವಿಯ ಹುಟ್ಟುಹಬ್ಬದ ಕೇಕು ಎಡಕ್ಕೆ ಎರಡು ಡಿಗ್ರಿ ಇತ್ತೆಂದು ಅವಳಿಗೂ ತಿಳಿಸಿದ. ಆ ವರ್ಷದಿಂದ ಅವಳು ಅವನ ಹುಟ್ಟುಹಬ್ಬಕ್ಕೆ ಅಂಗಡಿಯ ಕೇಕು ತರುತ್ತಾಳೆ.

ಕಾರು ಅವನ ಬಾಳಿನ ಬಯಕೆ. ಮೈ ಹಳೆಯ ವೋಲ್ವೋ ಡ್ಯುಯೆಟ್‌ನದು, ಎಂಟು ಸಿಲಿಂಡರಿನ ಎಂಜಿನ್ನು ಅಮೆರಿಕದ್ದು, ಹಿಂದಿನ ಅಚ್ಚು ಯಾವುದೋ ಜೀಪಿನದು. ಮೂರನ್ನೂ ಹೊತ್ತುಕೊಳ್ಳಲು ಚಾಸಿಸ್ಸನ್ನು ಅವನೇ ಬೆಸೆದ. ಇಂಥ ಮೂರು ಮನೆತನಗಳನ್ನು ಒಂದೇ ಸೂರಿನಡಿ ತಂದರೆ ಮೊದಲ ಜಗಳ ನಡುವಿನ ಶಾಫ್ಟಿನದು. ಎಂಜಿನ್ನಿನ ತಿರುಗುವಿಕೆಯನ್ನು ಹಿಂದಿನ ಅಚ್ಚಿಗೆ ತಲುಪಿಸುವ ಉದ್ದನೆಯ ಕೊಳವೆ ಅದು, ಎರಡು ತುದಿಯಲ್ಲೂ ಒಂದೊಂದು ಜಾಯಿಂಟು.

ಗುರುವಾರ ನಮ್ಮಲ್ಲಿ ಬಟಾಣಿ ಸೂಪಿನ ದಿನ. ಊಟ ಮುಗಿಸಿ ನಾನೂ ಎಸ್ಕಿಲ್ಲೂ ಟೂರೆಯ ಗ್ಯಾರೇಜಿಗೆ ಕಾಫಿಗೆ ಹೋಗುವುದು ವಾಡಿಕೆ. ಎಸ್ಕಿಲ್ ನಲವತ್ತು ವರ್ಷ ಮರದ ದಿಮ್ಮಿಗಳ ಲಾರಿ ಓಡಿಸಿದವನು. ಕ್ಯಾಬಿನ್ನಿನಲ್ಲಿ ಒಬ್ಬನೇ ಇದ್ದು ಇದ್ದು ಮಾತಿನ ಅಭ್ಯಾಸ ತಪ್ಪಿದೆ. ಒಂದು ಗುರುವಾರಕ್ಕೆ ಒಂದು ವಾಕ್ಯ, ಅದೂ ಗಂಡಸರ ಹಾಕಿ ತಂಡ ಸೋತಿದ್ದರೆ. ಹಿಲ್ಲೆವಿ ಏಲಕ್ಕಿ ಬನ್ನು ತರುತ್ತಾಳೆ. ಟೂರೆ ಉಪನ್ಯಾಸ ಕೊಡುತ್ತಾನೆ.

ಹೋದ ಸೆಪ್ಟೆಂಬರಿನ ಉಪನ್ಯಾಸ ಶಾಫ್ಟಿನ ಮೇಲೆ. ಸಾಸಿವೆಯ ಟ್ಯೂಬನ್ನು ಎರಡು ಚಮಚಗಳ ನಡುವೆ ಹಿಡಿದು ತೋರಿಸಿದ. ಎಂಜಿನ್ನಿನ ಬಾಲ ಮೂರು ಡಿಗ್ರಿ ಕೆಳಗೆ ಬಾಗಬೇಕು, ಹಿಂದಿನ ಅಚ್ಚಿನಲ್ಲಿ ಶಾಫ್ಟು ಸೇರುವ ಮೂತಿ ಅದೇ ಮೂರು ಡಿಗ್ರಿ ಮೇಲೆ ನೋಡಬೇಕು. ಆಗ ಎರಡೂ ರೈಲು ಹಳಿಗಳ ಹಾಗೆ ಸಮಾನಾಂತರ. ಜಾಯಿಂಟು ಬಾಗಿದಾಗ ತಿರುಗುವಿಕೆ ಒಂದೇ ಸಮ ಇರುವುದಿಲ್ಲ, ಒಂದು ಸುತ್ತಿನಲ್ಲಿ ಎರಡು ಸಲ ಓಡಿ ಎರಡು ಸಲ ಎಡವುತ್ತದೆ.

"ಮುಂದಿನ ಜಾಯಿಂಟು ಎಷ್ಟು ತಪ್ಪು ಮಾಡುತ್ತೋ ಹಿಂದಿನದೂ ಅಷ್ಟೇ ತಪ್ಪು ಮಾಡ್ಬೇಕು, ಎದುರು ದಿಕ್ಕಲ್ಲಿ," ಅಂದ ಟೂರೆ. "ಆಗ ಒಂದರ ತಪ್ಪು ಇನ್ನೊಂದರಲ್ಲಿ ಕರಗಿಹೋಗುತ್ತೆ. ಗಾಡಿ ಬೆಣ್ಣೆ ಥರ ಹೋಗುತ್ತೆ."

"ಸಂಸಾರದ ಥರ ಅನ್ನು," ಅಂದಳು ಹಿಲ್ಲೆವಿ.

ಎಲ್ಲವನ್ನೂ ಪೂರ್ತಿ ನೇರವಾಗಿ ಇಟ್ಟುಬಿಟ್ಟರೆ ತಾಪತ್ರಯವೇ ಇಲ್ಲವಲ್ಲ ಎಂದು ನಾನು ಕೇಳಿದೆ. ಟೂರೆ ನನ್ನನ್ನು ಕನಿಕರದಿಂದ ನೋಡಿದ. ಜಾಯಿಂಟಿನೊಳಗೆ ಸಣ್ಣ ಸಣ್ಣ ಉಕ್ಕಿನ ಸೂಜಿಗಳಿವೆ, ಸ್ವಲ್ಪ ಬಾಗು ಇದ್ದರೆ ಅವು ಹೊರಳಾಡುತ್ತ ಬದುಕುತ್ತವೆ, ಪೂರ್ತಿ ನೇರ ಇಟ್ಟರೆ ಒಂದೇ ಕಡೆ ಕೂತು ಗುಳಿ ಬಿದ್ದು ಸಾಯುತ್ತವೆ ಎಂದು ವಿವರಿಸಿದ. ಎಲ್ಲದರಲ್ಲೂ ನೆಟ್ಟಗೆ ಇರಬೇಕೆನ್ನುವವನ ಬಾಯಲ್ಲಿ ಇದು ಬಂದದ್ದು ನನಗೆ ಸೋಜಿಗವೆನಿಸಿತು. ಅವನಿಗೆ ಅನಿಸಲಿಲ್ಲ.

ಅದೇ ವಾರ ಪೆಟ್ಟಿಗೆಯನ್ನು ಎಂಜಿನ್ನಿಗೆ ಅಂಟಿಸಿ, ಅಂಕಿ ಮೂರಕ್ಕೆ ಬಂದು ನಿಂತ ಮೇಲೆ ಅದನ್ನು ಹೊರುವ ಮೌಂಟಿಂಗುಗಳನ್ನು ಬೆಸೆದ. ನೋಟುಬುಕ್ಕಿನಲ್ಲಿ ಬರೆದು ಕೆಳಗೆ ಸಹಿ ಹಾಕಿದ. ತನ್ನದೇ ನೋಟುಬುಕ್ಕಿಗೆ ಸಹಿ ಹಾಕುವ ಇನ್ನೊಬ್ಬನನ್ನು ನಾನು ಕಂಡಿಲ್ಲ.

ಅಕ್ಟೋಬರಿನಲ್ಲಿ ಜಿಲ್ಲೆಯ ಪತ್ರಿಕೆಯಿಂದ ಒಬ್ಬ ಹುಡುಗಿ ಕಾರಿನ ಬಗ್ಗೆ ಬರೆಯಲು ಬರುತ್ತಾಳೆಂದು ಸುದ್ದಿ ಬಂತು. ಅಲ್ಲಿಯವರೆಗೆ ಕಾರು ಒಳಗೋಡೆಗೆ ಮುಖ ಮಾಡಿ ನಿಂತಿತ್ತು, ಬಾಗಿಲು ತೆರೆದರೆ ಕಾಣುವುದು ಬೆನ್ನು. ಪತ್ರಿಕೆಯವರು ಹಿಂಭಾಗದ ಫೋಟೋ ತೆಗೆಯುತ್ತಾರಾ ಎಂದು ಟೂರೆ ಕೇಳಿದ. ಅದು ಪ್ರಶ್ನೆಯಲ್ಲ, ನಮಗೆ ಕರೆ. ಹಿಲ್ಲೆವಿ ಸ್ಟೀರಿಂಗು ಹಿಡಿದಳು. ಎಸ್ಕಿಲ್, ಟೂರೆ, ನಾನು ಕಾರನ್ನು ಅಂಗಳಕ್ಕೆ ನೂಕಿ, ತಿರುಗಿಸಿ, ಮುಖ ಬಾಗಿಲ ಕಡೆ ಬರುವ ಹಾಗೆ ಮತ್ತೆ ಒಳಗೆ ನೂಕಿದೆವು. ನನ್ನ ಸೊಂಟ ಒಂದು ವಾರ ನನ್ನದಾಗಿರಲಿಲ್ಲ. ಪತ್ರಿಕೆಯಲ್ಲಿ ಫೋಟೋ ಬಂತು: ಕಾರಿನ ಮೂತಿ, ಪಕ್ಕದಲ್ಲಿ ಟೂರೆಯ ಹೊಟ್ಟೆ, ಇಬ್ಬರ ಬಾಯೂ ಸ್ವಲ್ಪ ತೆರೆದಿತ್ತು. ಅದಕ್ಕೆ ಕಟ್ಟು ಹಾಕಿಸಿ ಗ್ಯಾರೇಜಿನ ಗೋಡೆಗೆ ನೇತುಹಾಕಿದ, ಪೆಟ್ಟಿಗೆ ಇಟ್ಟು ಅಳೆದು.

ನವೆಂಬರಿನಲ್ಲಿ ಹಿಂದಿನ ಅಚ್ಚಿನ ಸರದಿ. ಮತ್ತೆ ಪೆಟ್ಟಿಗೆ, ಮತ್ತೆ ಮೂರು ಡಿಗ್ರಿ, ಮತ್ತೆ ಬೆಸುಗೆ, ಮತ್ತೆ ಸಹಿ.

ಫೆಬ್ರವರಿಯಲ್ಲಿ ಹಿಲ್ಲೆವಿಯ ಬೆನ್ನಿನ ಆಪರೇಷನ್ ಆಯಿತು. ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದ ಬೆನ್ನು ಅದು. ಎಷ್ಟು ಬೇಕಾದರೂ ನಡೆಯಿರಿ, ಅದುರುವ ಗಾಡಿಯಲ್ಲಿ ಮಾತ್ರ ಕೂರಬೇಡಿ ಎಂದು ಡಾಕ್ಟರು ಹೇಳಿದರು. ಅವಳ ಅಕ್ಕ ಬಿರ್ಗಿಟ್ಟ ಇರುವುದು ಕರಾವಳಿಯಲ್ಲಿ, ಎಂಬತ್ತು ಕಿಲೋಮೀಟರು ದೂರ. ಅಕ್ಕನ ಮೊಣಕಾಲು ಈಚೆ ಬರಲು ಬಿಡುವುದಿಲ್ಲ, ತಂಗಿಯ ಬೆನ್ನು ಆಚೆ ಹೋಗಲು ಬಿಡುವುದಿಲ್ಲ. ಅರವತ್ತು ವರ್ಷದಲ್ಲಿ ಆ ಇಬ್ಬರೂ ಜೂನ್ ಕೊನೆಯ ಮಿಡ್‌ಸಮ್ಮರ್ ಹಬ್ಬವನ್ನು ಒಂದು ಸಲವೂ ಬೇರೆಬೇರೆಯಾಗಿ ಮಾಡಿದವರಲ್ಲ. ಆಸ್ಪತ್ರೆಯ ಹಾಸಿಗೆಯಲ್ಲೇ ಅವಳು ಟೂರೆಗೆ ಹೇಳಿದ್ದಳು: ಈ ಸಲ ಅಕ್ಕನ ಮನೆಗೆ ನಿನ್ನ ಗಾಡಿಯಲ್ಲೇ ಹೋಗೋಣ. ಹನ್ನೊಂದು ವರ್ಷದಲ್ಲಿ ಅವಳು ಆ ಕಾರಿನ ಬಗ್ಗೆ ಆಡಿದ ಮೊದಲ ಒಳ್ಳೆಯ ಮಾತು ಅದು. ಟೂರೆ ಆಸ್ಪತ್ರೆಯಿಂದ ನೇರ ಗ್ಯಾರೇಜಿಗೆ ಹೋದ. ಅವಳ ಸೀಟಿಗೆ ಮೂರು ಬಗೆಯ ಸ್ಪಂಜು ಹಾಕಿ, ತಾನೇ ಕೂತು, ಎದ್ದು, ಕೂತು, ಮೇ ತಿಂಗಳ ಹೊತ್ತಿಗೆ ಕಾರನ್ನು ಮುಗಿಸಿಯೇಬಿಟ್ಟ. ವಾಹನ ಕಟ್ಟುವವರ ಸಂಘದ ಪರೀಕ್ಷಕ ಬಂದು ಬೆಸುಗೆ ತಟ್ಟಿ, ಬ್ರೇಕು ಒತ್ತಿ, ಊರೊಳಗೆ ಮೆಲ್ಲಗೆ ಒಂದು ಸುತ್ತು ಹೋಗಿ ಬಂದು ಸರಿಯಿದೆಯೆಂದ. ಮೆಲ್ಲಗೆ ಹೋದರೆ ಸರಿಯೇ ಇತ್ತು. ಎಪ್ಪತ್ತು ದಾಟಿದರೆ ಸೀಟಿನ ಕೆಳಗಿಂದ ನಡುಕ ಶುರು, ಎಂಬತ್ತಕ್ಕೆ ಕನ್ನಡಿಯೊಳಗಿನ ರಸ್ತೆ ಎರಡಾಗಿ ಕಾಣುತ್ತಿತ್ತು. ಹಾಲಿನ ಕಟ್ಟೆಯ ಹತ್ತಿರ ಆದದ್ದು ಅದೇ.

ಹಿಲ್ಲೆವಿ ಜಗಳಗಂಟಿಯಲ್ಲ. ಬಸ್ಸಿನ ವೇಳಾಪಟ್ಟಿಯ ಹಾಗೆ ತನ್ನ ಷರತ್ತನ್ನು ತಿಳಿಸಿದಳು. ಹಬ್ಬದ ಬೆಳಿಗ್ಗೆ ಹತ್ತಕ್ಕೆ ಕಪ್ಪಿನಲ್ಲಿ ಕಾಫಿ ನಡುಗದಿದ್ದರೆ ನಿನ್ನ ಗಾಡಿ. ನಡುಗಿದರೆ, ಎಂದು ಬೇಲಿಯ ಈಚೆ ನಿಂತ ನನ್ನ ಕಡೆ ಕೈ ತೋರಿಸಿ, ಇವನ ಗಾಡಿ. ನನ್ನದು ಒಂಬತ್ತು ವರ್ಷದ ಜಪಾನಿ ಕಾರು, ಬಣ್ಣ ಮಳೆನೀರಿನದು. ಅದರ ಬಗ್ಗೆ ಇವತ್ತಿನವರೆಗೆ ಯಾರೂ ಒಳ್ಳೆಯದನ್ನೂ ಹೇಳಿಲ್ಲ, ಕೆಟ್ಟದ್ದನ್ನೂ ಹೇಳಿಲ್ಲ. ಟೂರೆ ಅದನ್ನು ಒಂದು ಸಲ ನೋಡಿದ. ಹೆಂಡತಿ ಬೇರೆ ಗಂಡಸಿನ ಜೊತೆ ಓಡಿಹೋಗುತ್ತೇನೆ ಎಂದಿದ್ದರೂ ಅವನ ಮುಖ ಅಷ್ಟು ಬಾಡುತ್ತಿರಲಿಲ್ಲ. ಆ ಸೀಟಿನಲ್ಲಿ ಅವಳು ಕೂರದಿದ್ದರೆ ಹನ್ನೊಂದು ವರ್ಷ ಕಟ್ಟಿದ್ದು ಯಾರಿಗೆ?

ಆಮೇಲಿನ ಮೂರು ವಾರ ಜಗತ್ತಿನಲ್ಲಿ ಎಲ್ಲರದ್ದೂ ತಪ್ಪು. ಮೊದಲು ಟೈರುಗಳದ್ದು. ಚಕ್ರಗಳನ್ನು ಎರಡು ಸಲ ಬ್ಯಾಲೆನ್ಸ್ ಮಾಡಿಸಿ ತಂದ. ಆಮೇಲೆ ರಸ್ತೆಯದ್ದು, ಅದಕ್ಕೆ ಪಂಚಾಯಿತಿಗೆ ಒಂದೂವರೆ ಪುಟದ ಪತ್ರ ಹೋಯಿತು. ಶಾಫ್ಟು ತಯಾರಿಸಿಕೊಟ್ಟ ಅಂಗಡಿಗೆ ಅದನ್ನು ವಾಪಸು ಹೊತ್ತುಕೊಂಡು ಹೋದ. ಅವರು ತಿರುಗಿಸಿ ನೋಡಿ, ಕೂದಲೆಳೆಯಷ್ಟೂ ಓರೆಯಿಲ್ಲ ಎಂದು ಹಿಂದಕ್ಕೆ ಕೊಟ್ಟರು. ಇಂಥ ಯಂತ್ರ ಇಟ್ಟುಕೊಂಡು ಹಾಗೆ ಹೇಳೋಕೆ ಧೈರ್ಯ ಬೇಕು ಎಂದು ಅವರಿಗೆ ಹೇಳಿ ಬಂದನಂತೆ. ಕೊನೆಗೆ ಹಿಲ್ಲೆವಿಯ ಬೆನ್ನೇ ಸೂಕ್ಷ್ಮ ಜಾಸ್ತಿಯಾಗಿರಬಹುದು ಎಂದು ಒಂದು ದಿನ ಅಂದ. ಅವತ್ತು ರಾತ್ರಿಯ ಊಟಕ್ಕೆ ಅವನು ನಮ್ಮ ಮನೆಗೆ ಬಂದ.

ಒಂದು ಗುರುವಾರ ಎಸ್ಕಿಲ್ ಬಾಯಿ ತೆರೆದ. "ಕೋನ ನೋಡಿದ್ಯಾ?"

ಟೂರೆ ಕಪ್ಪನ್ನು ಕೆಳಗಿಟ್ಟ. ಎದ್ದು ಹೋಗಿ ನೋಟುಬುಕ್ಕು ತಂದು ಎಸ್ಕಿಲ್ಲಿನ ಮೂಗಿನ ಕೆಳಗೆ ಹಿಡಿದ. ಎಂಜಿನ್ನು ಮೂರು, ಸಹಿ. ಅಚ್ಚು ಮೂರು, ಸಹಿ.

"ಮೂವತ್ತೆಂಟು ವರ್ಷ ಕಣಯ್ಯಾ," ಅಂದ. "ಗರಗಸದ ಹಲ್ಲು ಲಕ್ಷಗಟ್ಟಲೆ. ಕೋನ ನೋಡಿದ್ಯಾ ಅಂತ ನನ್ನ ಕೇಳ್ತೀಯಲ್ಲ."

ಎಸ್ಕಿಲ್ ಆ ವಾರದ ವಾಕ್ಯ ಖರ್ಚಾಗಿದ್ದರಿಂದ ಸುಮ್ಮನಾದ. ನಾನು ಇನ್ನೊಂದು ಬನ್ನು ತೆಗೆದುಕೊಂಡೆ. ಸಹಿ ಹಾಕಿದ ಅಂಕಿಯನ್ನು ಪ್ರಶ್ನಿಸುವುದು ನಮ್ಮೂರಲ್ಲಿ ರೂಢಿಯಿಲ್ಲ.

ಹಬ್ಬಕ್ಕೆ ಎಂಟು ದಿನ ಇದ್ದ ಗುರುವಾರ ನಾನು ನಾಲ್ಕನೆಯ ಏಲಕ್ಕಿ ಬನ್ನಿಗೆ ಕೈ ಚಾಚಿದೆ. ಮೂರನೆಯದಕ್ಕೇ ನಿಲ್ಲಿಸಬೇಕಿತ್ತು ಎಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ, ಆದರೆ ನಿಲ್ಲಿಸಿದ್ದರೆ ಈ ಕತೆ ಮುಗಿಯುತ್ತಿರಲಿಲ್ಲ. ಮೊಣಕೈ ತಗುಲಿ ಕಾಫಿಯ ಫ್ಲಾಸ್ಕು ಉರುಳಿ ಬಿತ್ತು. ಮೇಜು ಇದ್ದದ್ದು ಒಳಗೋಡೆಯ ಬಳಿ, ಕಾರಿನ ಹಿಂಭಾಗದಲ್ಲಿ. ಕಾಫಿ ನೆಲಕ್ಕೆ ಸುರಿದು, ಒಂದು ಕ್ಷಣ ಯೋಚಿಸಿ, ಕಾರಿನ ಅಡಿಗೆ ನುಗ್ಗಿತು. ಹಿಂದಿನ ಅಚ್ಚಿನ ಕೆಳಗೆ, ಶಾಫ್ಟಿನ ಕೆಳಗೆ, ಎಂಜಿನ್ನಿನ ಕೆಳಗೆ ಹಾದು, ಮೂತಿಯ ಮುಂದೆ ಹೊರಬಂದು, ಬಾಗಿಲ ಬಳಿಯ ಚರಂಡಿಯ ಜಾಲರಿಯಲ್ಲಿ ಇಳಿದುಹೋಯಿತು. ಎಲ್ಲೂ ಅತ್ತಿತ್ತ ನೋಡಲಿಲ್ಲ, ದಾರಿ ಗೊತ್ತಿದ್ದವರ ಹಾಗೆ ಹೋಯಿತು.

ನಾನು ಕ್ಷಮೆ ಕೇಳುತ್ತಿದ್ದೆ. ಹಿಲ್ಲೆವಿ ಒರೆಸುವ ಕೋಲು ತರಲು ಎದ್ದಳು. ಟೂರೆ ಮಾತ್ರ ಕೂತಲ್ಲೇ ಕೂತು ಜಾಲರಿಯನ್ನು ನೋಡುತ್ತಿದ್ದ. ಆಮೇಲೆ ಗೋಡೆಯ ಮೇಲಿನ ಫೋಟೋ ನೋಡಿದ. ಆಮೇಲೆ ಮತ್ತೆ ಜಾಲರಿ.

"ಹಿಲ್ಲೆವಿ," ಅಂದ. "ಈ ನೆಲ ಇಳಿಜಾರು ಅಂತ ನಿನಗೆ ಗೊತ್ತಿತ್ತಾ?"

"ಇಪ್ಪತ್ತು ವರ್ಷದಿಂದ ಒರೆಸ್ತಾ ಇದೀನಿ," ಅಂದಳು ಅವಳು. "ನೀರು ಯಾವ ಕಡೆ ಹೋಗುತ್ತೆ ಅಂತ ಗೊತ್ತಿರಲ್ವಾ?"

"ನನಗ್ಯಾಕೆ ಹೇಳ್ಲಿಲ್ಲ?"

"ಇಳಿಜಾರು ಮಾಡಿದ್ದು ನೀನೇ ಅಲ್ವೇನೋ."

ನಿಜ. ಚಳಿಗಾಲದಲ್ಲಿ ಕಾರಿನಿಂದ ಕರಗಿ ಬೀಳುವ ಹಿಮದ ನೀರು ಹರಿದುಹೋಗಲೆಂದು ಆ ಕಾಂಕ್ರೀಟನ್ನು ಬಾಗಿಲ ಕಡೆಗೆ ಇಳಿಜಾರಾಗಿ ಹಾಕಿದ್ದು ಅವನೇ. ಇಡೀ ಬೀದಿಯಲ್ಲಿ ಇಂಥ ಇಳಿಜಾರು ಇಲ್ಲವೆಂದು ಆ ವರ್ಷ ನಮ್ಮನ್ನೆಲ್ಲ ಕರೆದು ಬಕೆಟ್ಟಿನಲ್ಲಿ ನೀರು ಚೆಲ್ಲಿ ತೋರಿಸಿದ್ದ. ಚರ್ಚಿನ ಮೆಟ್ಟಿಲಿನಿಂದ ಕೇಕಿನವರೆಗೆ ಅಳೆದ ಮಹರಾಯ ತನ್ನ ಕಾಲ ಕೆಳಗಿನ ನೆಲವೊಂದನ್ನು ಬಿಟ್ಟಿದ್ದ.

ಟೂರೆ ಪೆಟ್ಟಿಗೆ ತೆಗೆದುಕೊಂಡು ನೆಲದ ಮೇಲಿಟ್ಟ. ಒಂದೂವರೆ ಡಿಗ್ರಿ. ಕಾರಿನಡಿಗೆ ತೆವಳಿ ಅಚ್ಚಿಗೆ ಅಂಟಿಸಿದ. ಮೂರು, ಬರೆದಿಟ್ಟ ಹಾಗೇ. ಎಂಜಿನ್ನಿಗೆ ಅಂಟಿಸಿದ. ಸೊನ್ನೆ.

ಕಾರಿನ ಹೊರಗೆ ಟೂರೆಯ ಎರಡು ಬೂಟು ಮಾತ್ರ ಕಾಣುತ್ತಿದ್ದವು.

ಆಮೇಲೆ ಆ ಬೂಟುಗಳೇ ನಮಗೆ ವಿವರಿಸಿದವು, ಉಪನ್ಯಾಸದ ಧಾಟಿಯಿಲ್ಲದೆ. ಸೆಪ್ಟೆಂಬರಿನಲ್ಲಿ ಕಾರಿನ ಬಾಲ ಬಾಗಿಲ ಕಡೆ ಇತ್ತು, ಇಳಿಜಾರಿನಲ್ಲಿ ಕಾರೇ ಹಿಂದಕ್ಕೆ ಒಂದೂವರೆ ಬಾಗಿತ್ತು. ಹಾಗಾಗಿ ಎಂಜಿನ್ನಿನ ಮೂರರಲ್ಲಿ ಅರ್ಧ ನೆಲದ್ದು. ಫೋಟೋಕ್ಕೆಂದು ತಿರುಗಿಸಿದ ಮೇಲೆ ಕಾರು ಮುಂದಕ್ಕೆ ಬಾಗಿತು. ನವೆಂಬರಿನ ಮೂರಕ್ಕೆ ನೆಲ ತನ್ನ ಪಾಲನ್ನು ಎದುರು ದಿಕ್ಕಿನಿಂದ ಸೇರಿಸಿತು. ಎರಡು ಅಳತೆಯೂ ಸರಿ, ಎರಡರ ನಡುವೆ ಮೂರು ಡಿಗ್ರಿ ತಪ್ಪು. ಕಾರು ತಿರುಗಿಸದೇ ಇದ್ದಿದ್ದರೆ ಒಂದರಲ್ಲಿ ನುಸುಳಿದ ಇಳಿಜಾರು ಇನ್ನೊಂದರಲ್ಲೂ ಅಷ್ಟೇ ನುಸುಳಿ ಎಲ್ಲ ಸರಿಹೋಗುತ್ತಿತ್ತು. ತಿರುಗಿಸಿದ್ದು ಒಂದು ಫೋಟೋಗೋಸ್ಕರ.

"ನಾನೇ," ಅಂದವು ಬೂಟುಗಳು ಕೊನೆಗೆ. "ಟೈರೂ ಅಲ್ಲ, ರಸ್ತೇನೂ ಅಲ್ಲ. ನಿನ್ನ ಬೆನ್ನೂ ಅಲ್ಲ ಕಣೆ."

ಹಿಲ್ಲೆವಿ ಒರೆಸುತ್ತಿದ್ದ ಕೋಲನ್ನು ಗೋಡೆಗೆ ಒರಗಿಸಿದಳು. "ಮೂರು ಡಿಗ್ರಿ ತಾನೆ," ಅಂದಳು. "ಎದ್ದು ಬಾ, ನೆಲ ತಣ್ಣಗಿದೆ." ನಗಬಹುದಿತ್ತು, ನಗಲಿಲ್ಲ. ಅದಕ್ಕೇ ಅವರ ಸಂಸಾರ ನಲವತ್ತು ವರ್ಷ ಓಡಿದೆ ಎಂದು ನನ್ನ ಅಂದಾಜು. ನಾನು ಮಾತ್ರ ಮನೆಗೆ ಹೋಗಿ ನಕ್ಕೆ.

ಮಾರನೆಯ ದಿನ ಟೂರೆ ಪಂಚಾಯಿತಿಗೆ ಇನ್ನೊಂದು ಪತ್ರ ಬರೆದ, ಈ ಸಲ ಮೂರೇ ಸಾಲು. ಶಾಫ್ಟಿನ ಅಂಗಡಿಗೆ ತಾನೇ ಹೋಗಿ ಬಂದ, ಏನು ಹೇಳಿದನೋ ಗೊತ್ತಿಲ್ಲ, ಕೈಯಲ್ಲಿ ಒಂದು ಕೇಕಿನ ಡಬ್ಬ ಇತ್ತು. ಆಮೇಲೆ ಉಕ್ಕಿನಿಂದ ಎರಡು ಬೆಣೆ ಮಾಡಿದ. ಒಂದು ತುದಿ ತೆಳ್ಳಗೆ, ಇನ್ನೊಂದು ದಪ್ಪ. ಹಿಂದಿನ ಅಚ್ಚಿಗೂ ಅದನ್ನು ಹೊತ್ತ ಪ್ಲೇಟು ಸ್ಪ್ರಿಂಗಿಗೂ ನಡುವೆ ಅವನ್ನು ತೂರಿಸಿದರೆ ಅಚ್ಚಿನ ಮೂತಿ ಮೂರು ಡಿಗ್ರಿ ಕೆಳಗಿಳಿಯುತ್ತದೆ. ಗರಗಸ ಮಸೆದ ಕೈ, ಬೆಣೆ ಕನ್ನಡಿಯ ಹಾಗೆ ಬಂತು. ಸಹಿ ಹಾಕಲಿಲ್ಲ.

ಸೋಮವಾರ ನಮ್ಮೆಲ್ಲರನ್ನೂ ಕರೆದ. ಖಾಲಿ ಕಾರನ್ನು ಅಳೆದು ಇನ್ನೊಂದು ಸಲ ಮೋಸ ಹೋಗುವುದಿಲ್ಲ, ಜನ ಕೂತರೆ ಸ್ಪ್ರಿಂಗು ತಗ್ಗುತ್ತದೆ, ಪ್ರಯಾಣದಲ್ಲಿ ಹೇಗಿರುತ್ತದೋ ಹಾಗೇ ಅಳೆಯಬೇಕು ಅಂದ. ಹಿಲ್ಲೆವಿ ಹೆಣಿಗೆ ಹಿಡಿದುಕೊಂಡು ತನ್ನ ಸೀಟಿನಲ್ಲಿ ಕೂತಳು. ಡ್ರೈವರ್ ಸೀಟಿನಲ್ಲಿ ಟೂರೆಯ ತೂಕಕ್ಕೆ ಎಸ್ಕಿಲ್. ಅಕ್ಕನಿಗೆ ಒಯ್ಯುವ ಆಲೂಗೆಡ್ಡೆ ಚೀಲ, ಹೆರಿಂಗ್ ಮೀನಿನ ಜಾಡಿಗಳು, ಮಡಿಸುವ ಕುರ್ಚಿಗಳ ಲೆಕ್ಕಕ್ಕೆ ಹಿಂದಿನ ಸೀಟಿನಲ್ಲಿ ನಾನು. ನನ್ನ ತೂಕದಿಂದ ಲೋಕಕ್ಕೆ ಉಪಯೋಗವಾದ ಮೊದಲ ದಿನ ಅದು. ಒಂದು ಗಂಟೆ ಕೂತಿದ್ದೆವು. ಅಡಿಯಿಂದ ಸ್ಪ್ಯಾನರಿನ ಸದ್ದು, ಮುಂದಿನಿಂದ ಹೆಣಿಗೆ ಕಡ್ಡಿಯ ಸದ್ದು.

ಟೂರೆ ಒಂದೇ ಸಲಕ್ಕೆ, ಕಾರು ಒಂದಿಂಚೂ ಅಲುಗದೆ, ಎರಡನ್ನೂ ಅಳೆದ. ಎಂಜಿನ್ನು ಸೊನ್ನೆ ಪಾಯಿಂಟ್ ಒಂದು. ಅಚ್ಚು ಸೊನ್ನೆ ಪಾಯಿಂಟ್ ಒಂದು. ಸಮಾನಾಂತರ, ನಡುವಿನ ಶಾಫ್ಟಿಗೆ ಬೇಕಾದ ಬಾಗು ಹಾಗೇ ಉಳಿದಿತ್ತು. ಆಮೇಲೆ ಪೆಟ್ಟಿಗೆಯನ್ನು ಎಸ್ಕಿಲ್ಲಿನ ಕೈಗೆ ಕೊಟ್ಟು, ನೀನೂ ಒಂದು ಸಲ ನೋಡು ಅಂದ. ಇಷ್ಟು ವರ್ಷದಲ್ಲಿ ಆ ಪೆಟ್ಟಿಗೆಯನ್ನು ಬೇರೆಯವರು ಮುಟ್ಟಿದ್ದನ್ನು ನಾನು ಅವತ್ತೇ ಕಂಡದ್ದು.

ಹಬ್ಬದ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಹೊರಟೆವು. ಹೊರಟೆವು ಎನ್ನಲು ಕಾರಣ, ನಾನೂ ಹಿಂದಿನ ಸೀಟಿನಲ್ಲಿದ್ದೆ. ಬೆಣೆ ಕೂರಿಸಿದ್ದು ನನ್ನ ತೂಕ ಸೇರಿಸಿ, ಈಗ ಆಲೂಗೆಡ್ಡೆಯನ್ನು ನಂಬಲು ಟೂರೆಗೆ ಧೈರ್ಯವಿರಲಿಲ್ಲ. ನನ್ನ ಹೆಂಡತಿ ತವರಿನ ಹಬ್ಬಕ್ಕೆ ಮುಂಚೆಯೇ ಹೋಗಿದ್ದಳು, ತಡೆಯುವವರು ಇರಲಿಲ್ಲ. ಮಡಿಲಲ್ಲಿ ಸ್ಟ್ರಾಬೆರಿ ಕೇಕು. ಹಿಲ್ಲೆವಿ ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ, ಅಂಚಿಗೆ ಒಂದು ಬೆರಳು ಕಡಿಮೆ ಇರುವ ಹಾಗೆ ತುಂಬಿ, ಮೊಣಕಾಲ ಮೇಲೆ ಹಿಡಿದುಕೊಂಡಳು.

ಐವತ್ತು. ಅರವತ್ತು. ಟೂರೆಯ ಕಿವಿ ಕೆಂಪಗಾಗಿದ್ದು ನನಗೆ ಹಿಂದಿನಿಂದ ಕಾಣುತ್ತಿತ್ತು. ಎಪ್ಪತ್ತು. ಎಂಬತ್ತು. ನಾನು ಕೇಕಿನ ಮೇಲಿನ ಸ್ಟ್ರಾಬೆರಿಗಳನ್ನೇ ನೋಡುತ್ತಿದ್ದೆ. ಒಂದೂ ಅಲುಗಲಿಲ್ಲ. ಕಾಫಿಯ ಮೇಲೆ ಒಂದು ಗೆರೆ ಏಳಲಿಲ್ಲ. ತೊಂಬತ್ತು. ತೊಂಬತ್ತೈದರಲ್ಲಿ, ಸತ್ಯ ಹೇಳಬೇಕೆಂದರೆ, ಎಲ್ಲೋ ಒಳಗೆ ಬೆಕ್ಕು ಗುರುಗುಟ್ಟಿದಷ್ಟು ಸದ್ದು ಬಂತು. ಟೂರೆಯ ಭುಜ ಸೆಟೆಯಿತು.

"ತೊಂಬತ್ತೈದರಲ್ಲಿ ನಮ್ಮಕ್ಕನ ಮನೆಗೆ ಯಾರು ಹೋಗ್ತಾರೆ," ಅಂದಳು ಹಿಲ್ಲೆವಿ. ಅವನು ತೊಂಬತ್ತಕ್ಕೆ ಇಳಿಸಿದ.

ಹಾಲಿನ ಕಟ್ಟೆ ಕಾಣಿಸಿತು. ಹಿಂದೆ ಹಾಲಿನ ಕ್ಯಾನು ಇಡುತ್ತಿದ್ದ ಹಲಗೆಯ ಅಟ್ಟ ಅದು, ಈಗ ಹುಲ್ಲು ಬೆಳೆದು ನಿಂತಿದೆ.

"ನಿಲ್ಸು," ಅಂದಳು.

ಟೂರೆ ನಿಲ್ಲಿಸಿದ. ಎಂಜಿನ್ನು ತನ್ನ ಪಾಡಿಗೆ ಗುಡುಗುಡು ಅನ್ನುತ್ತಿತ್ತು. ಹಿಲ್ಲೆವಿ ಬಾಗಿಲು ತೆರೆದು, ಟೋಪಿ ಕೈಯಲ್ಲಿ ಹಿಡಿದು ಇಳಿದಳು. ಟೂರೆ ಮುಂದಿನ ಗಾಜನ್ನೇ ನೋಡುತ್ತ ಕೂತ. ಅವನ ಕಿವಿಯ ಕೆಂಪು ಇಳಿದು ಬಿಳಿಯಾಯಿತು. ಇನ್ನು ನನ್ನ ಮಳೆನೀರಿನ ಕಾರೇ ಗತಿ ಎನಿಸಿ ನನಗೂ ಬೇಜಾರಾಯಿತು, ಒಪ್ಪುತ್ತೇನೆ.

ಅವಳು ಕಾರಿನ ಮುಂದಿನಿಂದ ಸುತ್ತಿ ಬಂದು ಅವನ ಕಡೆಯ ಬಾಗಿಲು ತೆರೆದಳು. ಕಾಫಿಯ ಮುಚ್ಚಳವನ್ನು ಅವನ ಕೈಗೆ ಕೊಟ್ಟಳು. ಅದು ಇನ್ನೂ ತುಂಬಿತ್ತು.

"ಆ ಕಡೆ ಸರಿ," ಅಂದಳು. "ಇಲ್ಲಿಂದ ನಾನು ಓಡಿಸ್ತೀನಿ. ಕಾಫಿ ನೀನು ಹಿಡ್ಕೋ."

ಟೂರೆ ಸರಿದು ಕೂತ. ಎರಡೂ ಕೈಯಲ್ಲಿ ಮುಚ್ಚಳ ಹಿಡಿದುಕೊಂಡು, ಮೂರು ಬಗೆಯ ಸ್ಪಂಜಿನ ಸೀಟಿನಲ್ಲಿ, ಕರಾವಳಿಯವರೆಗೂ ಅದನ್ನೇ ನೋಡುತ್ತ ಬಂದ. ಕಾಫಿ ಒಂದು ಸಲ ಮಾತ್ರ ಚೆಲ್ಲಿತು, ಬಿರ್ಗಿಟ್ಟ ಗೇಟಿನ ಬಳಿ ಕೋಲೂರಿಕೊಂಡು ನಿಂತಿದ್ದು ಕಂಡು ಹಿಲ್ಲೆವಿ ಬ್ರೇಕು ಸ್ವಲ್ಪ ಜೋರಾಗಿ ಒತ್ತಿದಾಗ. ಅದು ಕೋನದ ತಪ್ಪಲ್ಲ.